ಊಟದ ಮೇಜೆಂಬ ಬಲಿಪೀಠ: ಯಹೂದಿ ಧರ್ಮದಲ್ಲಿ ಉಣ್ಣುವುದು



ಯಹೂದಿಗಳು ಹಂದಿ ತಿನ್ನುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಯಾಕೆ ತಿನ್ನುವುದಿಲ್ಲ ಎಂದು ಕೇಳಿದರೆ ಥಟ್ಟನೆ ಬರುವ ಉತ್ತರವೂ ಗೊತ್ತು: ಬಿಸಿಲಿನ ದೇಶ, ಬೇಗ ಕೆಡುವ ಮಾಂಸ, ಅದರೊಳಗಿನ ಹುಳ. ಓದಿದವರು ಇದನ್ನು ಇನ್ನೂ ಗಟ್ಟಿ ದನಿಯಲ್ಲಿ ಹೇಳುತ್ತಾರೆ. ಇವತ್ತಿನ ಮಾತನ್ನು ಈ ಉತ್ತರವನ್ನು ಬದಿಗೆ ಸರಿಸಿಯೇ ಶುರುಮಾಡಬೇಕಾಗಿದೆ. ಇದು ಕುಳಿತಿರುವಷ್ಟು ಹೊತ್ತು ಯಹೂದಿ ಊಟದ ಮೇಜಿನ ಹತ್ತಿರ ನಮಗೆ ಜಾಗ ಸಿಗುವುದಿಲ್ಲ.

ಹಂದಿಮಾಂಸದ ಹುಳವನ್ನು ವಿಜ್ಞಾನಿಗಳು ಕಂಡುಹಿಡಿದದ್ದು 19ನೇ ಶತಮಾನದಲ್ಲಿ. ಆರೋಗ್ಯದ ವಾದ ಅದಕ್ಕಿಂತ ಬಹಳ ಹಳೆಯದು. ಅದನ್ನು ಎತ್ತಿದವರಲ್ಲಿ ದೊಡ್ಡ ಹೆಸರು 12ನೇ ಶತಮಾನದ ಮೈಮೊನಿಡೀಸ್‌ನದು. ಆತ ಈಜಿಪ್ಟಿನ ಆಸ್ಥಾನದ ವೈದ್ಯ. ವೈದ್ಯರು ಎಲ್ಲದರಲ್ಲೂ ಪಥ್ಯ ಕಾಣುವುದು ಸಹಜ. ಆದರೆ ಅದೇ ಮೈಮೊನಿಡೀಸ್ ಯಹೂದಿ ಕಾನೂನನ್ನೆಲ್ಲ 14 ಪುಸ್ತಕಗಳಲ್ಲಿ ಕ್ರೋಡೀಕರಿಸಿದಾಗ ಆಹಾರದ ನಿಯಮಗಳನ್ನು ಎಲ್ಲಿಟ್ಟ ಎಂದು ನೋಡಿ. ‘ಪಾವಿತ್ರ್ಯದ ಪುಸ್ತಕ’ ಎಂಬ ಭಾಗದಲ್ಲಿ, ನಿಷಿದ್ಧ ಲೈಂಗಿಕ ಸಂಬಂಧಗಳ ಪಕ್ಕದಲ್ಲಿ. ಹಸಿವು, ಕಾಮ ಎರಡೂ ದೇಹದ ಬೇಡಿಕೆಗಳು. ಎರಡಕ್ಕೂ ಕಡಿವಾಣ ಬೇಕು, ಎರಡೂ ಪವಿತ್ರವಾಗಬಲ್ಲವು ಎಂಬುದು ಆ ಜೋಡಣೆಯ ಅರ್ಥ. 15ನೇ ಶತಮಾನದ ವ್ಯಾಖ್ಯಾನಕಾರ ಅಬ್ರಬನೆಲ್ ಆರೋಗ್ಯದ ವಾದಕ್ಕೆ ಖಾರವಾಗಿಯೇ ಉತ್ತರ ಕೊಟ್ಟ. ಹಂದಿ ತಿನ್ನುವ ಜನಾಂಗಗಳು ನಮ್ಮ ಕಣ್ಣೆದುರಿಗೇ ಗಟ್ಟಿಮುಟ್ಟಾಗಿವೆಯಲ್ಲ, ದೇವರ ಧರ್ಮಗ್ರಂಥ ತೋರಾ ಏನು ಮನೆಮದ್ದಿನ ಕೈಪಿಡಿಯೇ ಎಂಬುದು ಆತನ ವಾದದ ತಿರುಳು.

ಇನ್ನೂ ಹಳೆಯ ಮಾತೊಂದಿದೆ, ನನಗೆ ಅದೇ ಹೆಚ್ಚು ಹಿಡಿಸುವುದು. ರಬ್ಬಿ ಎಲಾಜರ್ ಬೆನ್ ಅಜರ್ಯ ಎಂಬ ಆಚಾರ್ಯರು ಹೇಳಿದ್ದರಂತೆ: ಹಂದಿಮಾಂಸ ಕಂಡರೆ ನನಗೆ ಅಸಹ್ಯ ಎನ್ನಬೇಡ, ನನಗೂ ಆಸೆಯಿದೆ, ಆದರೆ ಪರಲೋಕದ ತಂದೆ ಬೇಡ ಎಂದಿದ್ದಾನೆ, ಏನು ಮಾಡಲಿ ಎನ್ನು. ಅಂದರೆ ಆ ಪದಾರ್ಥದಲ್ಲಿ ಕೊಳಕಿಲ್ಲ, ಬೇಕೆನ್ನುವ ನಾಲಗೆಯಲ್ಲಿ ಪಾಪವೂ ಇಲ್ಲ. ಕೈಗೂ ಬಾಯಿಗೂ ನಡುವೆ ಒಂದು ಗಳಿಗೆ ನಿಲ್ಲುವುದಷ್ಟೇ ಬೇಕಾದದ್ದು.

ನಿಯಮಗಳನ್ನು ಬೇಗ ಮುಗಿಸಿಬಿಡುತ್ತೇನೆ. ಬೈಬಲಿನ ಯಾಜಕಕಾಂಡದ 11ನೇ ಅಧ್ಯಾಯ, ಧರ್ಮೋಪದೇಶಕಾಂಡದ 14ನೇ ಅಧ್ಯಾಯ ಇದರ ಮೂಲ. ಗೊರಸು ಸೀಳಿರಬೇಕು, ಮೆಲುಕು ಹಾಕಬೇಕು. ದನ, ಕುರಿ, ಆಡು, ಜಿಂಕೆ ಆಗುತ್ತವೆ. ಹಂದಿಗೆ ಗೊರಸು ಸೀಳಿದ್ದರೂ ಮೆಲುಕಿಲ್ಲ. ಒಂಟೆಯದು ಇದರ ತಿರುವುಮುರುವು. ಮೀನಿಗೆ ಈಜುರೆಕ್ಕೆಯೂ ಪೊರೆಯೂ ಇರಬೇಕು, ಹಾಗಾಗಿ ಸಿಗಡಿ, ಏಡಿ, ಕಪ್ಪೆಚಿಪ್ಪು ಇಲ್ಲ. ಹದ್ದು, ಗೂಬೆ, ರಣಹದ್ದಿನಂಥ ಹಕ್ಕಿಗಳ ಪಟ್ಟಿಯೊಂದಿದೆ, ಅವು ಕೂಡದು. ತೊಡೆಯ ನರವೊಂದನ್ನು ತಿನ್ನುವುದಿಲ್ಲ, ಯಾಕೋಬ ರಾತ್ರಿಯಿಡೀ ಅಪರಿಚಿತನೊಬ್ಬನ ಜೊತೆ ಸೆಣಸಿ ಕುಂಟಾದ ನೆನಪಿಗೆ. ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬೇಡ ಎಂಬ ವಾಕ್ಯ ತೋರಾದಲ್ಲಿ 3 ಸಲ ಬರುತ್ತದೆ. ಆ ಒಂದು ವಾಕ್ಯವನ್ನು ರಬ್ಬಿಗಳು ಹಿಗ್ಗಿಸಿ ಹಿಗ್ಗಿಸಿ ಅಡುಗೆಮನೆಯನ್ನೇ ಎರಡು ಮಾಡಿದರು: ಮಾಂಸದ ಪಾತ್ರೆ ಬೇರೆ, ಹಾಲಿನ ಪಾತ್ರೆ ಬೇರೆ, ಅನುಕೂಲವಿದ್ದವರ ಮನೆಯಲ್ಲಿ ತೊಳೆಯುವ ತೊಟ್ಟಿಯೂ ಬೇರೆ. ಮಾಂಸ ಉಂಡ ಮೇಲೆ ಹಾಲು ಮುಟ್ಟಲು ಹಲವರು 6 ಗಂಟೆ ಕಾಯುತ್ತಾರೆ, ಜರ್ಮನ್ ಯಹೂದಿಗಳ ಸಂಪ್ರದಾಯದಲ್ಲಿ 3 ಗಂಟೆ, ಡಚ್ಚರಲ್ಲಿ 1. ಈ ಚೌಕಟ್ಟಿಗೆಲ್ಲ ಒಟ್ಟಾಗಿ ಕಶ್ರುತ್ ಎಂದು ಹೆಸರು. ಅದರೊಳಗೆ ಕೂರುವ ಆಹಾರ ಕೋಷರ್.

ಈ ಪಟ್ಟಿಗೆ ಅರ್ಥ ಹುಡುಕಿದವರು ಲೆಕ್ಕವಿಲ್ಲದಷ್ಟು. ಹಿಡಿದು ತಿನ್ನುವ ಹಕ್ಕಿಗಳ ಕ್ರೌರ್ಯ ಮನುಷ್ಯನೊಳಗೆ ಇಳಿಯಬಾರದೆಂದು ಕೆಲವರು. ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್ 1966ರ ತಮ್ಮ ಪುಸ್ತಕದಲ್ಲಿ, ಯಾವ ವರ್ಗಕ್ಕೂ ಸರಿಯಾಗಿ ಒಗ್ಗದ ಪ್ರಾಣಿಗಳು ನಿಷಿದ್ಧವಾದವೆಂದರು, 1999ರ ಹೊತ್ತಿಗೆ ತಾವೇ ಆ ವಾದವನ್ನು ತಿದ್ದಿಕೊಂಡರು. ವಾದಗಳು ಬಂದವು, ಹೋದವು. ಆಚರಿಸುವವರು ಕಾರಣಕ್ಕಾಗಿ ಕಾಯಲಿಲ್ಲ. ಕಾರಣ ಹೇಳದ ಆಜ್ಞೆಗಳಿಗೆ ಸಂಪ್ರದಾಯದಲ್ಲಿ ಬೇರೆಯದೇ ಒಂದು ವರ್ಗವಿದೆ, ಆಹಾರದ ನಿಯಮಗಳನ್ನೂ ಆ ವರ್ಗದಲ್ಲೇ ಎಣಿಸುತ್ತಾರೆ.

ಪಟ್ಟಿಗಿಂತ ಮುಖ್ಯವಾದದ್ದು ರಕ್ತ. ಆದಿಕಾಂಡದ ಪ್ರಕಾರ ಆದಾಮ ಹವ್ವೆಯರಿಗೆ ದೇವರು ಕೊಟ್ಟ ಆಹಾರ ಸಸ್ಯ, ಬೀಜ, ಹಣ್ಣು ಮಾತ್ರ. ಮಾಂಸಕ್ಕೆ ಅನುಮತಿ ಬಂದದ್ದು ಜಲಪ್ರಳಯದ ನಂತರ, ನೋಹನಿಗೆ. ಆಗಲೂ ಒಂದು ಷರತ್ತಿನ ಮೇಲೆ. ಪ್ರಾಣ ರಕ್ತದಲ್ಲಿದೆ, ರಕ್ತ ಮಾತ್ರ ನಿನ್ನದಲ್ಲ. ಈ ಕಥೆಯನ್ನು 20ನೇ ಶತಮಾನದ ರಬ್ಬಿ ಅಬ್ರಹಾಂ ಐಸಾಕ್ ಕೂಕ್ ಓದಿದ ಬಗೆ ಬಹಳ ಸೂಕ್ಷ್ಮವಾದದ್ದು. ಮನುಷ್ಯನ ಹುಂಬತನ ಕಂಡು ದೇವರು ತಾತ್ಕಾಲಿಕವಾಗಿ ಬಿಟ್ಟುಕೊಟ್ಟ ಸಲಿಗೆ ಮಾಂಸಾಹಾರ. ಕಶ್ರುತ್‌ನ ಒಂದೊಂದು ಕಟ್ಟಳೆಯೂ ಆ ಸಲಿಗೆಯನ್ನು ಮರೆಯದಂತೆ ಮನಸ್ಸಾಕ್ಷಿಯನ್ನು ಚುಚ್ಚುವ ಮುಳ್ಳು ಎಂದರು ಅವರು. ಎಲ್ಲ ರಬ್ಬಿಗಳೂ ಇದನ್ನು ಒಪ್ಪುವುದಿಲ್ಲ ಎಂಬುದನ್ನೂ ಹೇಳಬೇಕು. ಶಬ್ಬಾತ್ ಎಂಬ ಶನಿವಾರದ ವಿಶ್ರಾಂತಿಯ ದಿನ ಮಾಂಸ ಉಣ್ಣುವುದೇ ಆನಂದ ಎನ್ನುವವರ ಸಾಲು ಉದ್ದವಾಗಿಯೇ ಇದೆ.

ಮಾಂಸ ಕಡಿಯುವ ಕೆಲಸದ ವಿವರಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲೋಣ. ಶಾಕಾಹಾರಿಗಳು ದಯವಿಟ್ಟು ಎದ್ದು ಹೋಗಬೇಡಿ, ಈ ಧರ್ಮದ ಅಂತರಂಗ ಈ ವಿವರಗಳಲ್ಲೇ ಇದೆ.

ಕಡಿಯುವವನಿಗೆ ಶೋಹೆತ್ ಎನ್ನುತ್ತಾರೆ. ಬರಿಯ ಕಸಾಯಿ ಕೆಲಸ ಬಂದರೆ ಸಾಲದು. ಶಾಸ್ತ್ರ ಕಲಿತು, ಪರೀಕ್ಷೆ ಕೊಟ್ಟು, ದೈವಭೀರು ಎಂದು ಹೆಸರಿರಬೇಕು. ಅವನ ಚೂರಿ ಉದ್ದವಾದದ್ದು, ತುದಿ ಚೂಪಿಲ್ಲ, ಚೌಕವಾಗಿ ಕತ್ತರಿಸಿದಂತಿರುತ್ತದೆ. ತಿವಿಯುವ ಪ್ರಶ್ನೆಯೇ ಇಲ್ಲ. ಕಡಿಯುವ ಮುಂಚೆ ಆ ಅಲಗನ್ನು ಬೆರಳ ತುದಿಯ ಚರ್ಮದ ಮೇಲೆ, ಆಮೇಲೆ ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡುತ್ತಾನೆ; ಬಾಯಿಯನ್ನೂ ಎರಡು ಬದಿಗಳನ್ನೂ, ಹೋಗುತ್ತಾ ಒಮ್ಮೆ, ಬರುತ್ತಾ ಒಮ್ಮೆ, ಒಟ್ಟು 12 ಸಲ. ಕಣ್ಣಿಗೆ ಕಾಣದ ಒಂದು ಮುಕ್ಕನ್ನು ಉಗುರು ಹಿಡಿಯುತ್ತದೆ. ಮುಕ್ಕು ಸಿಕ್ಕರೆ ಚೂರಿ ಮತ್ತೆ ಸಾಣೆಗೆ. ಕಡಿದ ಮೇಲೂ ಪರೀಕ್ಷೆಯಿದೆ, ಆಗ ಮುಕ್ಕು ಕಂಡರೆ ಆ ಪ್ರಾಣಿಯ ಮಾಂಸ ಕೋಷರ್ ಅಲ್ಲ. ಕತ್ತು ಕೊಯ್ಯುವಾಗ ಅರೆಗಳಿಗೆ ತಡೆದರೂ ಕೆಟ್ಟಿತು, ಒತ್ತಿದರೂ ಕೆಟ್ಟಿತು, ಅಲಗು ಚರ್ಮದಡಿ ಮರೆಯಾದರೂ, ತಪ್ಪು ಜಾಗಕ್ಕೆ ಜಾರಿದರೂ, ಕೊಯ್ಯುವ ಬದಲು ಹರಿದರೂ ಕೆಟ್ಟಿತು. ಕೊಯ್ಯುವ ಮುನ್ನ ಅವನು ದೇವರ ಸ್ತುತಿ ಹೇಳಿರುತ್ತಾನೆ. ಕೋಳಿಯೋ ಜಿಂಕೆಯೋ ಆದರೆ ನೆಲಕ್ಕೆ ಬಿದ್ದ ರಕ್ತವನ್ನು ಮಣ್ಣಿನಿಂದಲೋ ಬೂದಿಯಿಂದಲೋ ಮುಚ್ಚಬೇಕು, ಅದಕ್ಕೂ ಒಂದು ಸ್ತುತಿಯಿದೆ. ತಾಯಿಯನ್ನೂ ಮರಿಯನ್ನೂ ಒಂದೇ ದಿನ ಕಡಿಯುವ ಹಾಗಿಲ್ಲ.

ಇಷ್ಟಾದ ಮೇಲೆ ಮಾಂಸ ಮನೆಗೆ ಬರುತ್ತದೆ. ಹಿಂದೆ ಇದು ಅಜ್ಜಿಯರ ಕೆಲಸವಾಗಿತ್ತು, ಈಗ ಹೆಚ್ಚಾಗಿ ಅಂಗಡಿಯಲ್ಲೇ ಆಗಿಬಿಡುತ್ತದೆ. ಮಾಂಸವನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ನೀರು ಬಸಿದು, ಕಲ್ಲುಪ್ಪನ್ನು ಎಲ್ಲ ಕಡೆಗೂ ಸವರಿ, ಓರೆಯಾಗಿಟ್ಟ ಹಲಗೆಯ ಮೇಲೆ ಒಂದು ಗಂಟೆ ಬಿಡುತ್ತಾರೆ, ರಕ್ತ ಇಳಿದು ಹೋಗಲೆಂದು. ಆಮೇಲೆ 3 ನೀರಿನಲ್ಲಿ ತೊಳೆಯಬೇಕು. ಪಿತ್ತಜನಕಾಂಗದ ರಕ್ತ ಉಪ್ಪಿಗೆ ಬಗ್ಗುವುದಿಲ್ಲ, ಅದನ್ನು ಬೆಂಕಿಯ ಮೇಲೆಯೇ ಸುಡಬೇಕು. ಮೊಟ್ಟೆಯನ್ನೂ ಬಾಣಲೆಗೆ ನೇರವಾಗಿ ಒಡೆಯುವುದಿಲ್ಲ. ಲೋಟದಲ್ಲಿ ಒಡೆದು ರಕ್ತದ ಚುಕ್ಕೆ ಇದೆಯೇ ಎಂದು ನೋಡಿ ಹಾಕುತ್ತಾರೆ. ಪ್ರಾಣವೊಂದನ್ನು ತೆಗೆದದ್ದು ನಿಜ, ಆದರೆ ಆ ಪ್ರಾಣ ತಟ್ಟೆಗೆ ಬರಲಿಲ್ಲ ಎಂಬ ಲೆಕ್ಕ ಇದರೊಳಗಿದೆ. ಲೆಕ್ಕ ನಮಗೆ ಒಪ್ಪಿಗೆಯಾಗದಿರಬಹುದು. ಕೊಲ್ಲುವುದನ್ನು ಮರೆತು ತಿನ್ನಲು ಅದು ಬಿಡುವುದಿಲ್ಲ ಎಂಬುದನ್ನಂತೂ ಅಲ್ಲಗಳೆಯಲಾಗದು.

ಈಗ ಇವತ್ತಿನ ಮುಖ್ಯ ಮಾತಿಗೆ ಬರುತ್ತೇನೆ. ಕ್ರಿ.ಶ. 70ರಲ್ಲಿ ರೋಮನ್ ಸೇನೆ ಜೆರುಸಲೇಮಿನ ದೇವಾಲಯವನ್ನು ಸುಟ್ಟಿತು. ಅಲ್ಲಿಯವರೆಗೆ ಆ ಧರ್ಮದ ನಡುಗಂಬ ಬಲಿಪೀಠ. ದಿನಕ್ಕೆರಡು ಬಾರಿ ಬಲಿ, ಯಾಜಕರು, ಉಪ್ಪು ಹಾಕಿದ ನೈವೇದ್ಯ, ಪೀಠದ ಬುಡಕ್ಕೆ ಎರೆದ ರಕ್ತ. ಒಂದೇ ಬೇಸಿಗೆಯಲ್ಲಿ ಅದೆಲ್ಲ ನಿಂತುಹೋಯಿತು. ಬಲಿಯಿಲ್ಲದೆ ಪಾಪಕ್ಕೆ ಪರಿಹಾರ ಎಲ್ಲಿ ಎಂಬ ಪ್ರಶ್ನೆಗೆ, ರಬ್ಬಿಗಳ ಚರ್ಚೆಗಳ ಸಂಕಲನವಾದ ತಾಲ್ಮುದ್ ಕೊಡುವ ಉತ್ತರಗಳಲ್ಲಿ ಒಂದು ಹೀಗಿದೆ: ದೇವಾಲಯ ಇದ್ದಾಗ ಬಲಿಪೀಠ ಮನುಷ್ಯನ ಪಾಪ ಕಳೆಯುತ್ತಿತ್ತು, ಈಗ ಅವನ ಊಟದ ಮೇಜು ಕಳೆಯುತ್ತದೆ.

ಕೇಳಲು ಇದು ಉಪಮೆಯಂತಿದೆ. ಅವರು ಅದನ್ನು ಉಪಮೆಯಾಗಿ ಬಿಡಲಿಲ್ಲ, ಕಾನೂನು ಮಾಡಿದರು. ದೇವಾಲಯದೊಳಗೆ ಯಾಜಕ ಏನೇನು ಮಾಡುತ್ತಿದ್ದನೋ ಅದರ ಬಹುಪಾಲನ್ನು ತಂದು ಪ್ರತಿ ಮನೆಯ ಊಟಕ್ಕೆ ಜೋಡಿಸಿದರು. ಯಾಜಕ ಸೇವೆಗೆ ಮುನ್ನ ಕೈ ತೊಳೆಯುತ್ತಿದ್ದ. ರೊಟ್ಟಿ ಮುರಿಯುವ ಪ್ರತಿಯೊಬ್ಬನೂ ಪಾತ್ರೆಯಿಂದ ಕೈಮೇಲೆ ನೀರೆರೆದುಕೊಂಡು, ಮೊದಲ ತುತ್ತು ಬಾಯಿಗಿಡುವವರೆಗೆ ಮಾತಾಡದೆ ಇರಬೇಕು. ಪ್ರತಿ ನೈವೇದ್ಯಕ್ಕೂ ಉಪ್ಪಿರಬೇಕೆಂದು ಯಾಜಕಕಾಂಡ ಹೇಳಿತ್ತು. ರೊಟ್ಟಿಯ ಮೊದಲ ತುಂಡನ್ನು ಉಪ್ಪಿಗೆ ಅದ್ದುತ್ತಾರೆ. ಹಿಟ್ಟು ಕಲಸಿದಾಗ ಯಾಜಕನ ಪಾಲೆಂದು ಒಂದಂಶ ತೆಗೆದಿಡುವ ಆಜ್ಞೆ ಅರಣ್ಯಕಾಂಡದಲ್ಲಿದೆ. ಪಾಲು ಪಡೆಯುವ ಯಾಜಕ ಈಗ ಇಲ್ಲ. ಆದರೂ ಶಬ್ಬಾತ್‌ನ ರೊಟ್ಟಿಗೆ ಹಿಟ್ಟು ನಾದುವ ಹೆಂಗಸು ಒಂದು ಉಂಡೆ ಕಿತ್ತು, ಸ್ತುತಿ ಹೇಳಿ, ಅದನ್ನು ಒಲೆಯಲ್ಲಿ ಸುಡುತ್ತಾಳೆ. ಬಲಿಪೀಠದ ಕಲ್ಲಿಗೆ ಕಬ್ಬಿಣ ತಾಕಿಸಕೂಡದಿತ್ತು, ಕಬ್ಬಿಣ ಆಯುಸ್ಸು ಕಡಿಯುವ ಲೋಹ, ಪೀಠ ಆಯುಸ್ಸು ಕೊಡುವಂಥದ್ದು ಎಂದು. ಹಾಗಾಗಿ ಊಟ ಮುಗಿದು ಕೃತಜ್ಞತೆಯ ಪ್ರಾರ್ಥನೆ ಶುರುವಾಗುವ ಮುಂಚೆ ಮೇಜಿನ ಮೇಲಿನ ಚಾಕುಗಳನ್ನು ತೆಗೆದಿಡುವ ಇಲ್ಲವೆ ಮುಚ್ಚುವ ಪದ್ಧತಿ ಇವತ್ತಿಗೂ ಉಂಟು.

ಇದನ್ನು ನಾನು ಒಂದು ದೊಡ್ಡ ಸಾಮಾಜಿಕ ಪಲ್ಲಟವಾಗಿಯೂ ನೋಡುತ್ತೇನೆ. ಹುಟ್ಟಿನಿಂದ ಬಂದ ಯಾಜಕ ಕುಲಕ್ಕಷ್ಟೇ ಮೀಸಲಾಗಿದ್ದ ಶಿಸ್ತು ಚಪ್ಪಲಿ ಹೊಲಿಯುವವನ ಮನೆಗೂ ನೀರು ಹೊರುವವನ ಮನೆಗೂ ಬಂತು. ನಮ್ಮ ಸಭಿಕರಿಗೆ ಇಷ್ಟು ಹೊತ್ತಿಗೆ ಮಡಿಯ ನೆನಪು ಬಂದಿರುತ್ತದೆ. ಹೋಲಿಕೆ ಒಂದಷ್ಟು ದೂರ ಬರುತ್ತದೆ. ಪಾತ್ರೆ ಬೇರೆಯಿಡುವುದು, ಮುಟ್ಟುವ ಮುನ್ನ ತೊಳೆಯುವುದು, ಅಡುಗೆಮನೆಯ ಒಡತಿಯ ಕಟ್ಟುನಿಟ್ಟು ಎಲ್ಲ ಪರಿಚಿತವೇ. ಅದರಾಚೆ ದಾರಿ ಕವಲೊಡೆಯುತ್ತದೆ, ಏಕೆಂದರೆ ಕಶ್ರುತ್ ಒಂದು ಸಮುದಾಯದ ಒಳಗೆ ಮೇಲು ಕೀಳಿನ ಪಂಕ್ತಿ ಹಾಕಲಿಲ್ಲ. ಶ್ರೀಮಂತನಿಗೂ ತಿರುಕನಿಗೂ ಒಂದೇ ನಿಯಮ, ಒಂದೇ ಮೇಜು.

ಮೇಜು ಪಾಪ ಕಳೆಯುವುದಾದರೂ ಹೇಗೆ? ಮೇಲಿನ ಆಚರಣೆಗಳಿಂದ ಎಂದುಕೊಂಡರೆ ಅರ್ಧ ಮಾತ್ರ ಸರಿ. ತಾಲ್ಮುದ್ ವ್ಯಾಖ್ಯಾನಕಾರರ ಉತ್ತರ ಅತಿಥಿಯ ಕಡೆ ಬೆರಳು ತೋರಿಸುತ್ತದೆ: ಬಡವನಿಗೆ ಅಲ್ಲಿ ಬಡಿಸುವುದರಿಂದ. ಊಟದ ಹೊತ್ತನ್ನು ಬೇಕೆಂದೇ ಉದ್ದ ಮಾಡುವವನಿಗೆ ದೀರ್ಘಾಯುಸ್ಸು ಎಂದು ಅದೇ ಪುಟಗಳಲ್ಲಿ ಬರುತ್ತದೆ. ತಡವಾಗಿ ಬಂದ ಬಡವನಿಗೂ ತುತ್ತು ಸಿಗಲಿ ಎಂದು. ಸಾಕಿದ ದನಕರುಗಳಿಗೆ ಮೇವು ಹಾಕದೆ ತಾನು ಉಣ್ಣಬಾರದೆಂಬ ವಿಧಿಯೂ ಇದೆ. ಸ್ಪೇನಿನ ಬಹ್ಯ ಬೆನ್ ಅಶೇರ್ ಎಂಬ ವ್ಯಾಖ್ಯಾನಕಾರ ಊಟದ ಬಗ್ಗೆಯೇ ಒಂದು ಪುಸ್ತಕ ಬರೆದ. ಫ್ರಾನ್ಸಿನ ಸಜ್ಜನರಲ್ಲಿದ್ದ ಪದ್ಧತಿಯೊಂದನ್ನು ಆತ ದಾಖಲಿಸುತ್ತಾನೆ. ಅವರು ಸತ್ತಾಗ, ಬದುಕಿನುದ್ದಕ್ಕೂ ಉಂಡ ಮೇಜಿನ ಹಲಗೆಗಳಿಂದಲೇ ಶವಪೆಟ್ಟಿಗೆ ಮಾಡಿಸುತ್ತಿದ್ದರಂತೆ. ಆ ಹಲಗೆಯ ಮೇಲೆ ಬಡವರಿಗೆ ಇಕ್ಕಿದ ಅನ್ನದ ಹೊರತು ಜೊತೆಗೆ ಬರುವ ಆಸ್ತಿ ಇನ್ನೇನೂ ಇಲ್ಲ ಎಂದು.

ಬಲಿಪೀಠದ ವಿಷಯ ಹೇಳಿದೆ. ಅಲ್ಲಿ ಮಂತ್ರವೂ ಇರಬೇಕಲ್ಲ. ಯಹೂದಿ ಆಹಾರಧರ್ಮದ ಅತಿ ಸುಂದರ ಭಾಗ ಅದೇ ಎಂದು ನನ್ನ ಅನಿಸಿಕೆ. ಏನನ್ನೇ ಬಾಯಿಗಿಡುವ ಮುಂಚೆಯೂ ಒಂದು ಪುಟ್ಟ ಸ್ತುತಿ, ಬ್ರಾಖಾ, ಹೇಳಬೇಕು. ಭೂಮಿ ದೇವರದೆಂದು ಕೀರ್ತನೆಯೊಂದು ಹೇಳುತ್ತದೆ, ಭೂಮಿಯನ್ನು ಮನುಷ್ಯರಿಗೆ ಕೊಟ್ಟನೆಂದು ಇನ್ನೊಂದು. ಯಾವುದು ನಿಜ? ಸ್ತುತಿಗೆ ಮುಂಚೆ ಅದು ಅವನದು, ಸ್ತುತಿಯ ನಂತರ ನಿನ್ನದು ಎಂದು ತಾಲ್ಮುದ್ ಪರಿಹರಿಸುತ್ತದೆ. ಸ್ತುತಿಸದೆ ತಿಂದವನು ದೇವರ ಮನೆಯಲ್ಲಿ ಕಳವು ಮಾಡಿದ ಹಾಗೆ.

ಒಂದೇ ಸ್ತುತಿ ಎಲ್ಲದಕ್ಕೂ ನಡೆಯುವುದಿಲ್ಲ. ರೊಟ್ಟಿಗೆ ಒಂದು, ದ್ರಾಕ್ಷಾರಸಕ್ಕೆ ಒಂದು, ಮರದ ಹಣ್ಣಿಗೆ ಒಂದು, ನೆಲದ ಬೆಳೆಗೆ ಒಂದು, ನೀರು ಹಾಲು ಮೀನು ಮೊಟ್ಟೆಗಳಿಗೆ ಇನ್ನೊಂದು. ಹೀಗಾಗಿ ತಿನ್ನುವವನು ತಟ್ಟೆಯಲ್ಲಿರುವುದು ಎಲ್ಲಿಂದ ಬಂತು, ಹೇಗೆ ಬೆಳೆಯಿತು ಎಂದು ತಿಳಿದಿರಲೇಬೇಕು. ಬಾಳೆಹಣ್ಣಿಗೆ ಯಾವುದು ಹೇಳಬೇಕು? ಮರದ ಹಣ್ಣಿನದಲ್ಲ, ನೆಲದ ಬೆಳೆಯದು. ಗೊನೆ ಕಡಿದ ಮೇಲೆ ಆ ದಿಂಡು ಮತ್ತೆ ಗೊನೆ ಹಾಕುವುದಿಲ್ಲ, ಬುಡದಿಂದ ಕಂದು ಏಳಬೇಕು. ಹಾಗಾಗಿ ಅದು ಮರವಲ್ಲ ಎಂದು ರಬ್ಬಿಗಳು ತೀರ್ಮಾನಿಸಿದರು. ನಮ್ಮ ತೋಟಗಳಲ್ಲಿ ಯಾರನ್ನು ಕೇಳಿದರೂ ತಲೆಯಾಡಿಸುವ ತೀರ್ಮಾನ ಇದು. ವರ್ಷದ ಮೊದಲ ಹಣ್ಣು ತಿಂದಾಗ, ಈ ಕಾಲದವರೆಗೆ ನನ್ನನ್ನು ಬದುಕಿಸಿ ತಂದೆಯಲ್ಲ ಎಂಬ ಇನ್ನೊಂದು ಸ್ತುತಿ ಸೇರುತ್ತದೆ. ಉಂಡ ಮೇಲೆ ಹೇಳುವ ಪ್ರಾರ್ಥನೆ ದೊಡ್ಡದು, ಅದಕ್ಕೆ ತೋರಾದ್ದೇ ಆಧಾರವಿದೆ: ತಿಂದು, ತೃಪ್ತಿಪಟ್ಟು, ಆಮೇಲೆ ಸ್ತುತಿಸು ಎಂದು ಧರ್ಮೋಪದೇಶಕಾಂಡ. ಹಸಿದಾಗ ದೇವರನ್ನು ನೆನೆಯುವುದು ಸುಲಭ, ಹೊಟ್ಟೆ ತುಂಬಿದಾಗ ಕಷ್ಟ ಎಂಬುದನ್ನು ಆ ಗ್ರಂಥ ಚೆನ್ನಾಗಿ ಬಲ್ಲದು. ಅದೇ ಅಧ್ಯಾಯದಲ್ಲಿ ಮುಂದೆ, ಉಂಡು ಕೊಬ್ಬಿ ಮರೆಯಬೇಡ ಎಂಬ ಎಚ್ಚರಿಕೆಯೂ ಬರುತ್ತದೆ.

ಅಧ್ಯಾತ್ಮ ಎಂದರೆ ನಮ್ಮಲ್ಲಿ ಉಪವಾಸ, ನಿರಾಹಾರ ಕಣ್ಣಮುಂದೆ ಬರುತ್ತವೆ. ಯಹೂದಿ ಧರ್ಮಕ್ಕೂ ಉಪವಾಸಗಳಿವೆ, ಯೋಮ್ ಕಿಪ್ಪುರ್ ಎಂಬ ಪ್ರಾಯಶ್ಚಿತ್ತದ ದಿನ ಸುಮಾರು 25 ಗಂಟೆ ನೀರೂ ಇಲ್ಲ. ಆದರೆ ಅದರ ಒಲವು ಆ ಕಡೆಗಿಲ್ಲ. ದ್ರಾಕ್ಷಾರಸ ಬಿಡುವ ವ್ರತ ಹಿಡಿದವನು ವ್ರತ ಮುಗಿದಾಗ ಪಾಪಪರಿಹಾರದ ಬಲಿ ಕೊಡಬೇಕಿತ್ತು. ಅವನು ಮಾಡಿದ ಪಾಪ ಏನು? ದೇವರು ಕೊಟ್ಟದ್ದನ್ನು ಬೇಡ ಎಂದದ್ದೇ ಪಾಪ ಎಂದು ತಾಲ್ಮುದಿನ ಒಬ್ಬ ಆಚಾರ್ಯರು. ಜೆರುಸಲೇಮ್ ತಾಲ್ಮುದ್ ಎಂಬ ಇನ್ನೊಂದು ಸಂಕಲನ ಇನ್ನೂ ಮುಂದೆ ಹೋಗುತ್ತದೆ: ಕಣ್ಣಿಗೆ ಕಂಡು, ತಿನ್ನಲು ಅನುಮತಿಯಿದ್ದೂ ತಿನ್ನದೆ ಬಿಟ್ಟ ಪ್ರತಿಯೊಂದಕ್ಕೂ ಮನುಷ್ಯ ಒಂದು ದಿನ ಲೆಕ್ಕ ಒಪ್ಪಿಸಬೇಕು. ಈ ಮಾತಿಗೆ ಹೆದರಿ ಬಡ ರಬ್ಬಿಯೊಬ್ಬರು ಪುಡಿಗಾಸು ಕೂಡಿಟ್ಟು, ವರ್ಷಕ್ಕೊಮ್ಮೆಯಾದರೂ ಪ್ರತಿ ಬಗೆಯ ಹಣ್ಣನ್ನು ಕೊಂಡು ತಿನ್ನುತ್ತಿದ್ದರಂತೆ. ಜಗತ್ತಿನ ಧರ್ಮಗ್ರಂಥಗಳಲ್ಲಿ ಇಂಥ ಭಯ ಇನ್ನೆಲ್ಲಾದರೂ ಇದ್ದರೆ ನನಗೆ ತಿಳಿಸಿ.

ಪ್ರಾಣಕ್ಕೆ ಕುತ್ತು ಬಂದರಂತೂ ಉಣ್ಣುವುದೇ ಆಜ್ಞೆ. 1848ರಲ್ಲಿ ವಿಲ್ನಾ ಪಟ್ಟಣದಲ್ಲಿ ಕಾಲರಾ ಹಬ್ಬಿದ್ದಾಗ, ರಬ್ಬಿ ಇಸ್ರೇಲ್ ಸಲಾಂತರ್ ಯೋಮ್ ಕಿಪ್ಪುರ್ ದಿನ ಜನರಿಗೆ ಉಪವಾಸ ಬಿಡಲು ಹೇಳಿದರೆಂಬುದು ಪ್ರಸಿದ್ಧ. ತಾವೇ ಸಭೆಯ ಮುಂದೆ ನಿಂತು ತಿಂದರು ಎನ್ನುವ ಕಥೆಯೂ ಚಾಲ್ತಿಯಲ್ಲಿದೆ, ಅದರ ವಿವರಗಳು ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ.

16ನೇ ಶತಮಾನದ ಗಲಿಲಾಯದ ಸಫೇದ್ ಊರಿನಲ್ಲಿ ಊಟದ ಅರ್ಥ ಇನ್ನೊಂದು ಎತ್ತರಕ್ಕೆ ಏರಿತು. ಸೃಷ್ಟಿಯ ಹೊತ್ತಿಗೆ ದೈವೀ ಬೆಳಕನ್ನು ತುಂಬಿಕೊಂಡ ಪಾತ್ರೆಗಳು ತಾಳಲಾರದೆ ಒಡೆದವು, ಕಿಡಿಗಳು ಜಗತ್ತಿನ ಎಲ್ಲ ವಸ್ತುಗಳಲ್ಲಿ ಬಿದ್ದು ಸಿಕ್ಕಿಕೊಂಡಿವೆ ಎಂದು ಅಲ್ಲಿನ ಅನುಭಾವಿ ಐಸಾಕ್ ಲೂರಿಯ ಕಲಿಸಿದ. ಹಣ್ಣಿನಲ್ಲಿ, ಕಾಳಿನಲ್ಲಿ, ಮೀನಿನಲ್ಲಿ. ಕೋಷರ್ ಆದದ್ದನ್ನು ಸ್ತುತಿಸಿ, ನೆನಪಿಟ್ಟು ತಿಂದಾಗ ಆ ಕಿಡಿ ಬಿಡುಗಡೆಯಾಗಿ ಮೂಲಕ್ಕೆ ಏರುತ್ತದೆ. ಎರಡು ಶತಮಾನದ ನಂತರ ಪೂರ್ವ ಯುರೋಪಿನ ಹಸೀದಿ ಎಂಬ ಭಕ್ತಿಪಂಥದ ಗುರುಗಳು ಇದನ್ನು ಹಳ್ಳಿಯವರಿಗೂ ದಾಟಿಸಿದರು. ಅವರ ಮೂಲಪುರುಷ ಬಾಲ್ ಶೆಮ್ ತೋವ್ ಹಸಿವಿಗೇ ಹೊಸ ವಿವರಣೆ ಕೊಟ್ಟನೆನ್ನುತ್ತಾರೆ: ಹೊಟ್ಟೆ ರೊಟ್ಟಿಗಾಗಿ ಹಸಿಯುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ, ರೊಟ್ಟಿಯೊಳಗೆ ನನಗಾಗಿ ಕಾದಿರುವ ಕಿಡಿಗಾಗಿ ನನ್ನ ಆತ್ಮ ಹಸಿಯುತ್ತಿರುತ್ತದೆ. ಹಸೀದಿಗಳ ಶಬ್ಬಾತ್ ಊಟಕ್ಕೆ ಹೋದರೆ, ಗುರು ಒಂದೆರಡು ತುತ್ತು ತಿಂದು ಬಿಟ್ಟದ್ದಕ್ಕೆ ಶಿಷ್ಯರು ಕೈಯೊಡ್ಡಿ ಮುಗಿಬೀಳುವುದನ್ನು ಕಾಣಬಹುದು. ಇದನ್ನು ಕಂಡು ಮೂಗು ಮುರಿಯುವ ಪಂಡಿತರು ಯಹೂದಿಗಳಲ್ಲೇ ಬಹಳ. ನಾನೂ ಲೂರಿಯನ ತತ್ವಕ್ಕಿಂತ ಆ ಬಡ ರಬ್ಬಿಯ ಪುಡಿಗಾಸಿನ ಹಣ್ಣಿಗೆ ಹೆಚ್ಚು ಹತ್ತಿರದವನು. ಆದರೂ, ತಿನ್ನುವುದು ಹೊಟ್ಟೆಗೆ ಮಾತ್ರ ಸಂಬಂಧಿಸಿದ ಕೆಲಸ ಎಂಬ ನಂಬಿಕೆಯನ್ನು ಅವರಷ್ಟು ಬುಡಸಮೇತ ಅಲುಗಾಡಿಸಿದವರು ಕಡಿಮೆ.

ಈ ಚಿತ್ರಕ್ಕೆ ಇನ್ನೊಂದು ಮಗ್ಗುಲಿದೆ, ಅದನ್ನು ಮುಚ್ಚಿಡುವುದು ದತ್ತಿ ಉಪನ್ಯಾಸಕ್ಕೆ ಶೋಭಿಸುವುದಿಲ್ಲ. ಅನ್ಯರು ಮುಟ್ಟಿದ ದ್ರಾಕ್ಷಾರಸ ಕೂಡದು, ಅನ್ಯರೇ ಬೇಯಿಸಿದ ಕೆಲವು ಅಡುಗೆ ಕೂಡದು ಎಂಬ ನಿಯಮಗಳನ್ನು ರಬ್ಬಿಗಳು ಸೇರಿಸಿದರು. ಕಾರಣವನ್ನೂ ತಾಲ್ಮುದ್ ಮುಚ್ಚುಮರೆಯಿಲ್ಲದೆ ಹೇಳುತ್ತದೆ: ಒಟ್ಟಿಗೆ ಕುಡಿದರೆ ಒಟ್ಟಿಗೆ ಬೆರೆಯುತ್ತಾರೆ, ಆಮೇಲೆ ಮದುವೆಗಳಾಗುತ್ತವೆ. ಎರಡು ಸಾವಿರ ವರ್ಷ ಚದುರಿ ಬದುಕಿದ ಜನ ಕರಗಿಹೋಗದೆ ಉಳಿದದ್ದಕ್ಕೆ ಈ ಗೋಡೆ ಒಂದು ಕಾರಣ. ಗೋಡೆಯೊಳಗೆ ಉಸಿರುಕಟ್ಟಿದವರೂ ಇದ್ದರು. 1883ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ, ಅಲ್ಲಿನ ಸುಧಾರಣಾವಾದಿ ಯಹೂದಿ ಕಾಲೇಜಿನ ಮೊದಲ ರಬ್ಬಿಗಳ ಪದವಿ ಸಮಾರಂಭದ ಔತಣದಲ್ಲಿ ಕಪ್ಪೆಚಿಪ್ಪು, ಏಡಿ, ಸಿಗಡಿ, ಕಪ್ಪೆಕಾಲು ಬಡಿಸಿದರು. ಕೆಲವರು ಸಿಟ್ಟಿನಿಂದ ಎದ್ದು ಹೋದರೆಂದು ಹೇಳುತ್ತಾರೆ. ಎರಡು ವರ್ಷಕ್ಕೆ ಸುಧಾರಣಾವಾದಿಗಳು ಪಿಟ್ಸ್‌ಬರ್ಗಿನಲ್ಲಿ ಸೇರಿ, ಆಹಾರದ ನಿಯಮಗಳು ಆಧುನಿಕ ಮನಸ್ಸಿಗೆ ಏನೂ ಹೇಳುವುದಿಲ್ಲವೆಂದು ನಿರ್ಣಯಿಸಿದರು. ಅವರ ಮರಿಮಕ್ಕಳಲ್ಲಿ ಎಷ್ಟೋ ಜನ ಈಗ ತಾವಾಗಿಯೇ ಎರಡು ಬಗೆಯ ಪಾತ್ರೆಗಳಿಗೆ ಮರಳಿದ್ದಾರೆ.

ನಮ್ಮ ನೆರೆಯ ಕೊಂಕಣದ ಬೆನೆ ಇಸ್ರೇಲಿಗಳೆಂಬ ಯಹೂದಿಗಳ ಕಥೆಯನ್ನು ಇಲ್ಲಿ ಬಿಡಲಾಗದು. ಹಡಗೊಡೆದು ನವಗಾಂವ್ ಬಳಿ ದಡ ಸೇರಿದವರು ತಮ್ಮ ಪೂರ್ವಜರು ಎಂದು ಅವರ ನಂಬಿಕೆ. ಗ್ರಂಥಗಳು ಸಮುದ್ರದ ಪಾಲಾದವು, ಹೀಬ್ರೂ ಮರೆತುಹೋಯಿತು, ಎಣ್ಣೆ ಗಾಣ ನಡೆಸಿ ಬದುಕಿದರು, ಮರಾಠಿ ಮಾತಾಡಿದರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ನೆರೆಯವರು ಅವರನ್ನು ‘ಶನಿವಾರ ತೇಲಿ’, ಅಂದರೆ ಶನಿವಾರದ ಗಾಣಿಗರು, ಎಂದು ಕರೆದರು. ಅವರು ಯಹೂದಿಗಳೇ ಎಂದು ಗುರುತಿಸಿದ ದಾವಿದ್ ರಾಹಾಬಿ ಎಂಬ ಯಾತ್ರಿಕನ ಕಥೆಯನ್ನು ಆ ಸಮುದಾಯ ಇವತ್ತಿಗೂ ಹೇಳುತ್ತದೆ. ಅವನು ಮನೆಯ ಹೆಂಗಸರ ಮುಂದೆ ಬಗೆಬಗೆಯ ಮೀನು ಇಟ್ಟು ಅಡುಗೆ ಮಾಡಿ ಎಂದನಂತೆ. ಅವರು ಈಜುರೆಕ್ಕೆ, ಪೊರೆ ಇಲ್ಲದವನ್ನು ಆರಿಸಿ ಬದಿಗಿಟ್ಟರು, ಇವನ್ನು ನಾವು ತಿನ್ನುವುದಿಲ್ಲ ಎಂದರು. ಯಾಕೆಂದು ಅವರಿಗೆ ಗೊತ್ತಿರಲಿಲ್ಲ. ಚರಿತ್ರಕಾರರು ಈ ಕಥೆಯನ್ನು ಹೇಗೆ ಬೇಕಾದರೂ ತೂಗಲಿ. ಗ್ರಂಥ ಹೋದ ಮೇಲೂ ಕೈಯಲ್ಲಿ ಉಳಿಯುವ ವಿದ್ಯೆ ಯಾವುದೆಂದು ಅದು ಹೇಳುತ್ತದೆ. ಅದೇ ಜನ ಪ್ರವಾದಿ ಎಲೀಯನ ಹೆಸರಿನಲ್ಲಿ ‘ಮಲಿದಾ’ ಮಾಡುತ್ತಾರೆ: ನೆನೆಸಿದ ಅವಲಕ್ಕಿಗೆ ಸಿಹಿ, ತೆಂಗಿನ ತುರಿ, ಒಣದ್ರಾಕ್ಷಿ, ಮೇಲೆ ಹಣ್ಣುಗಳು, ಒಂದೊಂದಕ್ಕೂ ಅದರದರ ಸ್ತುತಿ. ಮಾಂಸದ ಸಾರಿಗೆ ಹಾಲು ಮೊಸರಿನ ಬದಲು ತೆಂಗಿನಹಾಲು ಹಾಕುವುದು ಅವರಲ್ಲೂ ಕೊಚ್ಚಿಯ ಯಹೂದಿಗಳಲ್ಲೂ ವಾಡಿಕೆ. ಕರಾವಳಿಯೇ ಅವರ ಧರ್ಮಕ್ಕೆ ದಾರಿ ಮಾಡಿಕೊಟ್ಟಿತು.

20ನೇ ಶತಮಾನದಲ್ಲಿ ಅಡುಗೆಮನೆ ಕಾರ್ಖಾನೆಗೆ ಹೋಯಿತು, ಕಶ್ರುತ್ ಕೂಡ ಹಿಂದೆಯೇ ಹೊರಟಿತು. ಅಮೆರಿಕದ ಅಟ್ಲಾಂಟಾದಲ್ಲಿದ್ದ ರಬ್ಬಿ ಟೋಬಿಯಾಸ್ ಗೆಫೆನ್‌ಗೆ ಕೋಕಾ-ಕೋಲಾ ಕುಡಿಯಬಹುದೇ ಎಂದು ಊರೂರಿನಿಂದ ಪ್ರಶ್ನೆಗಳು ಬರತೊಡಗಿದವು. ಕಂಪನಿಯ ಕೇಂದ್ರ ಅದೇ ಊರಿನಲ್ಲಿತ್ತು. ಗುಟ್ಟು ಕಾಯುವ ಷರತ್ತಿನ ಮೇಲೆ ಅವರು ಪದಾರ್ಥಗಳ ಪಟ್ಟಿಯನ್ನು ಕೇಳಿ ಪಡೆದರು. ಅದರಲ್ಲಿ ಪ್ರಾಣಿಕೊಬ್ಬಿನಿಂದ ತೆಗೆದ ಗ್ಲಿಸರಿನ್ ಇತ್ತು, ಸಾವಿರದಲ್ಲಿ ಒಂದು ಪಾಲಿನಷ್ಟು. ನಿಷಿದ್ಧ ವಸ್ತು ಅಕಸ್ಮಾತ್ತಾಗಿ ಬಿದ್ದು 60ರಲ್ಲಿ ಒಂದಂಶಕ್ಕಿಂತ ಕಡಿಮೆಯಿದ್ದರೆ ಅದು ಲೆಕ್ಕಕ್ಕಿಲ್ಲ ಎಂದು ಕಾನೂನಿದೆ. ಇಲ್ಲಿ ಅದು ಬಿದ್ದದ್ದಲ್ಲ, ಬೇಕೆಂದು ಹಾಕಿದ್ದು. ಹಾಗಾಗಿ ಆಗದು ಎಂದರು ಗೆಫೆನ್. ಕಂಪನಿ ಸಸ್ಯದ ಎಣ್ಣೆಯಿಂದ ತೆಗೆದ ಗ್ಲಿಸರಿನ್‌ಗೆ ಬದಲಾಯಿತು. 1935ರಲ್ಲಿ ಅವರು ಬರೆದ ತೀರ್ಪಿನಿಂದ ಆ ಪಾನೀಯ ಕೋಷರ್ ಆಯಿತು. ಪ್ರಮಾಣ ಎಷ್ಟು ಎಂಬುದಕ್ಕಿಂತ ಬೆರೆಸಿದವನ ಉದ್ದೇಶ ಏನು ಎಂಬುದನ್ನು ತೂಗಿದ ತೀರ್ಪು ಅದು.

ಈಗ ಈ ಕೆಲಸ ದೊಡ್ಡ ಸಂಸ್ಥೆಗಳದು. ಹೊರದೇಶಕ್ಕೆ ಹೋಗುವ ಭಾರತದ ಮಸಾಲೆ, ಗೋಡಂಬಿ, ಇನ್‌ಸ್ಟಂಟ್ ಕಾಫಿಯ ಕಾರ್ಖಾನೆಗಳಿಗೂ ಅವರ ತಪಾಸಣೆಗಾರರು ಬಂದು ಹೋಗುತ್ತಾರೆ. ಯಂತ್ರ ತೊಳೆದ ನೀರಿನ ಬಿಸಿ, ವಿನೆಗರ್ ಬಂದ ಮೂಲ, ಪಕ್ಕದ ಯಂತ್ರದಲ್ಲಿ ಏನು ಮಾಡುತ್ತೀರಿ ಎಂಬ ಪ್ರಶ್ನೆಗಳನ್ನು ಕೇಳುತ್ತಾರೆ. ಪೊಟ್ಟಣದ ಮೂಲೆಯಲ್ಲಿ ಒಂದು ಪುಟ್ಟ ಗುರುತು ಬೀಳುತ್ತದೆ. ತಿನ್ನುವವನು ಗುರುತು ನೋಡಿ ಬುಟ್ಟಿಗೆ ಹಾಕಿಕೊಳ್ಳುತ್ತಾನೆ, ಅವನು ನಿಂತು ಯೋಚಿಸಬೇಕಾದದ್ದು ಏನೂ ಉಳಿದಿಲ್ಲ. ಅನುಕೂಲ ಹೌದು. ಮನೆಮನೆಗೆ ಹಂಚಿಹೋಗಿದ್ದ ಯಾಜಕತ್ವ ಮತ್ತೆ ಕೆಲವರ ಕೈಗೆ ಸೇರಿತೇ ಎಂದು ನನಗೆ ಅನುಮಾನ.

ಗುರುತೊಂದಿದ್ದರೆ ಸಾಕೇ ಎಂಬ ಅನುಮಾನವನ್ನು ಯಹೂದಿಗಳೇ ಗಟ್ಟಿಯಾಗಿ ಆಡಿದ್ದು 2008ರಲ್ಲಿ. ಅಯೋವಾ ರಾಜ್ಯದ ಪೋಸ್ಟ್‌ವಿಲ್ ಎಂಬ ಚಿಕ್ಕ ಊರಿನಲ್ಲಿ ಅಮೆರಿಕದ ಅತಿ ದೊಡ್ಡ ಕೋಷರ್ ಕಸಾಯಿಖಾನೆ ಇತ್ತು. ಆ ವರ್ಷ ಮೇ 12ರಂದು ವಲಸೆ ಇಲಾಖೆ ದಾಳಿ ಮಾಡಿ 389 ಕಾರ್ಮಿಕರನ್ನು ಬಂಧಿಸಿತು, ಹೆಚ್ಚಿನವರು ಗ್ವಾಟೆಮಾಲಾದ ಬಡವರು, ಅವರಲ್ಲಿ ಹದಿಹರೆಯದವರೂ ಇದ್ದರು. ಚೂರಿಗೆ ಮುಕ್ಕಿಲ್ಲ, ಉಪ್ಪು ಸರಿಯಾಗಿದೆ, ಗುರುತು ಬಿದ್ದಿದೆ. ಚೂರಿಯ ಸುತ್ತ ನಿಂತು ದುಡಿದವರ ಸ್ಥಿತಿ ಹೀಗಿದ್ದರೆ ಆ ಮಾಂಸ ಕೋಷರ್ ಹೌದೇ? ಹೌದು, ಕೂಲಿಯ ಪ್ರಶ್ನೆಗೆ ಸರ್ಕಾರದ ಕಾನೂನಿದೆ, ನಮ್ಮ ಕೆಲಸ ಆಹಾರದ್ದು ಎಂದರು ಒಂದು ಬಣದವರು. ಇನ್ನೊಂದು ಬಣ ಕಾಲರಾದ ಆ ರಬ್ಬಿ ಸಲಾಂತರರನ್ನೇ ಮುಂದಿಟ್ಟಿತು. ಪಸ್ಕಹಬ್ಬದ ಹುಳಿಯಿಲ್ಲದ ರೊಟ್ಟಿಗೆ ನೀರು ತಾಕಿದ 18 ನಿಮಿಷದೊಳಗೆ ಬೇಯಿಸುವ ಧಾವಂತವಿರುತ್ತದೆ. ಆ ಭಟ್ಟಿಯ ಮೇಲ್ವಿಚಾರಣೆಗೆ ಹೊರಟ ಶಿಷ್ಯರು, ಯಾವುದರ ಬಗ್ಗೆ ಹೆಚ್ಚು ಜಾಗ್ರತೆ ಇರಲಿ ಗುರುಗಳೇ ಎಂದು ಕೇಳಿದರಂತೆ. ಹಿಟ್ಟು ನಾದುವವಳು ವಿಧವೆ, ಅವಳ ಮೇಲೆ ರೇಗಬೇಡಿ ಎಂದರಂತೆ ಸಲಾಂತರ್.

ಕಶ್ರುತ್‌ನ ಪಟ್ಟಿಗೆ ಹೊಸ ಷರತ್ತು ಸೇರಿಸುವ ಅಧಿಕಾರ ಇವತ್ತು ಯಾರಿಗಿದೆ ಎಂಬ ಸಂಪ್ರದಾಯಸ್ಥರ ಆಕ್ಷೇಪಣೆಯಲ್ಲಿ ತಥ್ಯವಿಲ್ಲದೆ ಇಲ್ಲ. ಇಷ್ಟಬಂದದ್ದನ್ನು ಸೇರಿಸಲು ಬಿಟ್ಟರೆ ಇಷ್ಟವಿಲ್ಲದ್ದನ್ನು ಕಳೆಯಲೂ ಬಿಡಬೇಕಾಗುತ್ತದೆ. ಆದರೆ ಬಡವನಿಗೆ ಇಕ್ಕಿದ ತುತ್ತಿನಿಂದ ಮೇಜು ಬಲಿಪೀಠವಾಗುತ್ತದೆ ಎಂದವರೇ, ಬಡಿಸುವವನ ಕೂಲಿ ಮೇಜಿಗೆ ಸಂಬಂಧಿಸಿದ್ದಲ್ಲ ಎಂದು ಹೇಗೆ ಹೇಳಬಲ್ಲರು? ಜೆರುಸಲೇಮಿನಲ್ಲಿ ಕೆಲವು ಯುವಕರು ಈ ತೊಡಕಿಗೆ ಮೊದಲೇ ಒಂದು ಉಪಾಯ ಕಂಡುಕೊಂಡಿದ್ದರು. ಹೋಟೆಲುಗಳಿಗೆ ಅವರು ‘ಸಾಮಾಜಿಕ ಮುದ್ರೆ’ ಎಂಬ ಪತ್ರವನ್ನು ಪುಕ್ಕಟೆಯಾಗಿ ಕೊಡತೊಡಗಿದರು: ಅಡುಗೆಯವರಿಗೂ ತಟ್ಟೆ ತೊಳೆಯುವವರಿಗೂ ಕಾನೂನಿನಂತೆ ಸಂಬಳ ಸಂದಿದೆ, ಅಂಗವಿಕಲರು ಒಳಗೆ ಬರಲು ದಾರಿಯಿದೆ ಎಂದು ಖಾತ್ರಿ ಮಾಡಿಕೊಂಡ ಮೇಲೆ. ಅದನ್ನು ಅವರು ಕೋಷರ್ ಎಂದು ಕರೆಯಲಿಲ್ಲ, ರಬ್ಬಿಗಳ ಪ್ರಮಾಣಪತ್ರದ ಜಾಗವನ್ನೂ ಕೇಳಲಿಲ್ಲ. ಅದು ಬೇರೆಯದೇ ಕಾಗದ, ಊಟಕ್ಕೆ ಬಂದವರು ಎರಡನ್ನೂ ಓದಿಕೊಂಡು ಒಳಗೆ ಹೋಗಬಹುದಿತ್ತು.